ಗೊಂಬೆಗೆ ಮೈ ತುಂಬುವವಳು

ಫರ್ನಾಂದ್ ಕಾದಂಬರಿಗಳ ಹುಚ್ಚು ಹಚ್ಚಿಕೊಳ್ಳದೆ ಹೋಗಿದ್ದರೆ ನಮ್ಮ ಹೊಲಿಗೆಮನೆಯಲ್ಲಿ ಆ ವಸಂತ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಇದನ್ನು ಅವಳೆದುರೇ ಎಷ್ಟೋ ಸಲ ಹೇಳಿದ್ದೇನೆ. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನೀನೂ ನಾಲ್ಕು ಪುಸ್ತಕ ಓದಿದ್ರೆ ಇನ್ನೂ ಚೆನ್ನಾಗಿ ಕಳೀತಿತ್ತು" ಅನ್ನುತ್ತಾಳೆ. ವರ್ಷಾನುಗಟ್ಟಲೆ ಒಂದೇ ಮೇಜಿನ ಎದುರುಬದುರು ಕೂತವರ ಪ್ರೀತಿ ಹೀಗೇ ಇರುತ್ತದೆ.

ಪ್ಯಾರಿಸಿನ ನಮ್ಮ ಕೆಲಸವನ್ನು ಜಗತ್ತು ‘ಓತ್ ಕುತ್ಯೂರ್’, ಅಂದರೆ ಎತ್ತರದ ಹೊಲಿಗೆ ಎಂದು ಕರೆಯುತ್ತದೆ. ಎತ್ತರವೇನೋ ನಿಜ. ನಾವು ಕೂರುವುದು ಐದನೇ ಮಹಡಿಯಲ್ಲಿ, ಸೂರಿನ ಕೆಳಗೆ. ಬೇಸಿಗೆಯಲ್ಲಿ ಬೇಯುತ್ತೇವೆ, ಚಳಿಗಾಲದಲ್ಲಿ ಇಸ್ತ್ರಿಪೆಟ್ಟಿಗೆಯ ಪಕ್ಕದ ಜಾಗಕ್ಕೆ ಜಗಳವಾಡುತ್ತೇವೆ. ಗಿರಾಕಿಗಳು ಬೀದಿಯ ಕಡೆಯ ಅಮೃತಶಿಲೆಯ ಮೆಟ್ಟಿಲಲ್ಲಿ ಬರುತ್ತಾರೆ, ನಾವು ಹಿತ್ತಲ ಕಡೆಯ ಕಬ್ಬಿಣದ ಮೆಟ್ಟಿಲಲ್ಲಿ ಹತ್ತುತ್ತೇವೆ. ಯಜಮಾನರು ಕಾಗದದ ಮೇಲೆ ನಾಲ್ಕು ಗೆರೆ ಎಳೆಯುತ್ತಾರೆ. ಆ ನಾಲ್ಕು ಗೆರೆ ಒಬ್ಬ ಹೆಂಗಸಿನ ಮೈಮೇಲೆ ಜಾರದೆ ನಿಲ್ಲಬೇಕಾದರೆ ನಮ್ಮೆಲ್ಲರ ಕಣ್ಣು ತಿಂಗಳುಗಟ್ಟಲೆ ಕೆಂಪಗಿರುತ್ತವೆ. ಪತ್ರಿಕೆಯಲ್ಲಿ ಬರುವುದು ಗೆರೆ ಎಳೆದವರ ಹೆಸರು. ಬರಲಿ ಬಿಡಿ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನನಗೆ ನಗು ಬರುವುದು ಬೇರೆ ವಿಷಯಕ್ಕೆ. ತಮ್ಮ ಮೈ ಎಷ್ಟಿದೆ ಎಂದು ತಮಗೆ ಗೊತ್ತು ಅಂತ ನಮ್ಮ ಗಿರಾಕಿಗಳೆಲ್ಲ ನಂಬಿರುತ್ತಾರೆ. ಅವರ ನಿಜವಾದ ಮೈ ಇರುವುದು ನಮ್ಮ ಅಟ್ಟದಲ್ಲಿ.

ನಮ್ಮಲ್ಲಿ ಖಾಯಂ ಗಿರಾಕಿ ಒಬ್ಬೊಬ್ಬರಿಗೂ ಒಂದೊಂದು ಗೊಂಬೆ ಇದೆ. ತಲೆಯಿಲ್ಲ, ಕೈಯಿಲ್ಲ, ಕಾಲಿನ ಬದಲು ಒಂದು ಮರದ ಗೂಟ. ಕುತ್ತಿಗೆಯ ಮೇಲೆ ಹೆಸರಿನ ಚೀಟಿ. ಬಡಕಲು ಮರದ ಮೈಗೆ ಹತ್ತಿ ಸುತ್ತಿ, ಮೇಲೆ ಕೋರಾ ಬಟ್ಟೆ ಬಿಗಿದು, ಟೇಪಿನ ಅಳತೆಗೆ ಸರಿಯಾಗಿ ಎದೆ, ಸೊಂಟ, ಬೆನ್ನು ತುಂಬಬೇಕು. ಉಡುಪು ಹೊಲಿಯುವುದೆಲ್ಲ ಆ ಗೊಂಬೆಯ ಮೇಲೆಯೇ. ಗಿರಾಕಿ ದಪ್ಪವಾದರೆ ಅವಳಿಗೆ ಯಾರೂ ಹೇಳುವುದಿಲ್ಲ. ನಮ್ಮ ಮೇಲ್ವಿಚಾರಕಿ ಮದಾಮ್ ಜೆರ್ಮೇನ್ ಕೆಳಗೆ ಟೇಪು ಹಿಡಿದು, ಹೋದ ವರ್ಷದ ಅಳತೆಯೇ ಇದೆ, ಒಂದು ಕೂದಲಿನಷ್ಟೂ ಹೆಚ್ಚಿಲ್ಲ ಎಂದು ಮುಖ ಗಂಟಿಕ್ಕದೆ ಸುಳ್ಳು ಹೇಳುತ್ತಾರೆ. ಆಮೇಲೆ ಮೇಲೆ ಬಂದು ಮಾತಿಲ್ಲದೆ ಫರ್ನಾಂದಳಿಗೆ ಎರಡು ಬೆರಳು ತೋರಿಸುತ್ತಾರೆ. ಫರ್ನಾಂದ್ ಹೋಗಿ ಗೊಂಬೆಯ ಸೊಂಟಕ್ಕೆ ಎರಡು ಬೆರಳು ಹತ್ತಿ ಸೇರಿಸುತ್ತಾಳೆ. ಹೆರಿಗೆ, ಶೋಕ, ಹೊಸ ಅಡುಗೆಯವಳು, ಹೊಸ ಪ್ರಿಯಕರ, ಎಲ್ಲವೂ ಹೀಗೆ ಬೆರಳಿನ ಲೆಕ್ಕದಲ್ಲಿ ಅಟ್ಟಕ್ಕೆ ಬಂದು ಸೇರುತ್ತವೆ. ಸೇರಿದ್ದು ಕೆಳಗಿಳಿಯುವುದಿಲ್ಲ.

ಗೊಂಬೆಗೆ ಮೈ ತುಂಬುವ ಈ ಕೆಲಸ ಫರ್ನಾಂದಳದು. ಹೊಲಿಗೆಮನೆಯಲ್ಲಿ ಇದಕ್ಕಿಂತ ಗೌರವದ ಕೆಲಸ ಇನ್ನೊಂದಿಲ್ಲ. ಅವಳು ಬ್ರಿಟನಿ ಸೀಮೆಯ ಕಡಲತೀರದವಳು, ಬೂತಾಯಿ ಮೀನು ಹಿಡಿಯುವ ದೋಣಿಯವನ ಮಗಳು. ಹದಿನಾಲ್ಕಕ್ಕೆ ಪ್ಯಾರಿಸಿಗೆ ಬಂದು, ಅಯಸ್ಕಾಂತ ಹಿಡಿದು ಮೇಜಿನ ಕೆಳಗೆ ಗುಂಡುಸೂಜಿ ಹೆಕ್ಕುತ್ತ ಕೆಲಸಕ್ಕೆ ಸೇರಿದಳು. ಇಪ್ಪತ್ತೈದು ತುಂಬಿಯೂ ಮದುವೆಯಾಗದ ಹುಡುಗಿಗೆ ಸಂತ ಕ್ಯಾಥರೀನಳ ಹಬ್ಬದ ದಿನ ನಾವು ಹಳದಿ ಹಸಿರಿನ ಟೋಪಿ ಮಾಡಿ ತೊಡಿಸುತ್ತೇವಲ್ಲ, ಅವಳಿಗೆ ರಟ್ಟಿನ ಪುಸ್ತಕಗಳನ್ನು ಗೋಪುರದ ಹಾಗೆ ಪೇರಿಸಿ ಮಾಡಿದ್ದೆವು. ಬೇರೆ ಹುಡುಗಿಯರು ಆ ಟೋಪಿ ಹಾಕಿಕೊಂಡು ಸಂಜೆ ನಾಚುತ್ತ ಕುಣಿಯುತ್ತಾರೆ. ಇವಳು ಮೂಲೆಯಲ್ಲಿ ಕೂತು, ಟೋಪಿಯೊಳಗೆ ನಿಜವಾದ ಪುಸ್ತಕ ಒಂದಾದರೂ ಇದೆಯೇ ಎಂದು ತಡಕಾಡಿದಳು.

ಅವಳು ಓದುವುದು ಒಂದೇ ಬಗೆಯದನ್ನು. ಸೇನ್ ನದಿಯ ದಂಡೆಯ ಹಳೆಪುಸ್ತಕದ ಪೆಟ್ಟಿಗೆಗಳ ಮುಂದೆ ನಿಂತು ಮೊದಲ ಪುಟ ಮತ್ತು ಕೊನೆಯ ಪುಟ ನೋಡುತ್ತಾಳೆ. ಮೊದಲ ಪುಟದಲ್ಲಿ ಹುಡುಗಿ ಚಿಕ್ಕವಳಿರಬೇಕು, ಕೊನೆಯ ಪುಟದಲ್ಲಿ ಹೆಂಗಸಾಗಿರಬೇಕು. ಪತ್ತೇದಾರಿ ಬೇಡ, ಯುದ್ಧ ಬೇಡ, ದೊಡ್ಡವರ ಪ್ರೇಮವೂ ಬೇಡ. ಮಧ್ಯಾಹ್ನ ಊಟದ ಮನೆಯಲ್ಲಿ ಚೆನ್ನಂಗಿಬೇಳೆಯ ತಟ್ಟೆ ಮುಂದಿಟ್ಟುಕೊಂಡು ನಮಗೆಲ್ಲ ಅದರ ಕಥೆ ಹೇಳುತ್ತಾಳೆ. ಕೇಳಿ ಕೇಳಿ ನಮಗೂ ಬಾಯಿಪಾಠವಾಗಿದೆ. ಅಪ್ಪ ಸಾಯುತ್ತಾನೆ, ಮನೆ ಹರಾಜಾಗುತ್ತದೆ, ಹುಡುಗಿಗೆ ಒಂದು ದೊಡ್ಡ ಜ್ವರ ಬಂದು ಬಿಡುತ್ತದೆ, ಎಲ್ಲೋ ಒಂದು ಕುದುರೆ ಇರುತ್ತದೆ. ಕೊನೆಗೆ ಒಂದು ನೃತ್ಯಕೂಟ. ಅಲ್ಲಿ ಬರಿಯ ಭುಜ, ಎಲ್ಲರ ಕಣ್ಣು, ಒಬ್ಬ ಲೆಫ್ಟಿನೆಂಟು.

ಅವಳಿಗೆ ಆ ಪುಸ್ತಕಗಳ ಮೇಲೆ ಒಂದೇ ತಕರಾರು. "ನಾಲ್ಕನೇ ಅಧ್ಯಾಯದ ಕೊನೇಲಿ ಮಗು ಥರ ಮಲಗ್ತಾಳೆ. ಐದನೇದು ತೆಗೆದ್ರೆ ತೋಳಿಲ್ಲದ ಗೌನ್ ಹಾಕ್ಕೊಂಡು ಮೆಟ್ಟಿಲು ಇಳೀತಿರ್ತಾಳೆ. ಆ ಗೌನ್ ಎಲ್ಲಿಂದ ಬಂತು? ಯಾರು ಅಳತೆ ತಗೊಂಡ್ರು, ಎಷ್ಟು ಸಲ ಬಿಚ್ಚಿ ಹೊಲಿದ್ರು? ಎರಡು ಅಧ್ಯಾಯದ ಮಧ್ಯೆ ಒಂದು ಖಾಲಿ ಹಾಳೆ ಬಿಟ್ಟಿರ್ತಾರಲ್ಲ ಪೋಲೆಟ್, ನಮ್ಮ ಜೀವಮಾನ ಎಲ್ಲ ಅದರಲ್ಲೇ ಇದೆ ಕಣೇ."

ತಕರಾರು ಹಾಗೆ, ನಂಬಿಕೆ ಮಾತ್ರ ಅಚಲ. ಹುಡುಗಿ ಹೆಂಗಸಾಗುವುದು ಪುಸ್ತಕದಲ್ಲಿ ಬರೆದ ರೀತಿಯಲ್ಲೇ ಎಂದು ಅವಳು ಬೈಬಲ್ಲಿನಂತೆ ನಂಬಿದ್ದಳು. ನನಗೆ ಆ ನಂಬಿಕೆ ಬರಲೇ ಇಲ್ಲ. ನೀನು ಯಾವಾಗ ಹೆಂಗಸಾದೆ ಎಂದು ಯಾರಾದರೂ ಕೇಳಿದರೆ, ಅಮ್ಮನ ಹಳೆಯ ಕೋಟನ್ನು ನನ್ನ ಅಳತೆಗೆ ಕತ್ತರಿಸಲು ಕೂತು, ಎಲ್ಲೂ ಕತ್ತರಿಸಬೇಕಾಗಿಲ್ಲ ಎಂದು ಗೊತ್ತಾದ ದಿನ ಎಂದೇನಾದರೂ ಹೇಳಿಯೇನು. ಅಂದು ಜ್ವರವೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಕೋಟಿನಲ್ಲಿ ನುಸಿಗುಳಿಗೆಯ ವಾಸನೆ ಇತ್ತು ಅಷ್ಟೆ.

ಇನ್ನು ಎದ್ವೀಜಳ ವಿಷಯ. ಎದ್ವೀಜ್ ನಮ್ಮ ಹಳೆಯ ಗಿರಾಕಿ ಮದಾಮ್ ದ ಮೊರ್ವಿಯೆಯ ಒಬ್ಬಳೇ ಮಗಳು. ಹನ್ನೆರಡಕ್ಕೆ ಚರ್ಚಿನ ಮೊದಲ ಪರಮಪ್ರಸಾದದ ಬಿಳಿಯ ಉಡುಪು ಹೊಲಿದಾಗ ಅವಳ ಹೆಸರಿನ ಗೊಂಬೆ ಅಟ್ಟಕ್ಕೆ ಬಂತು. ಅಷ್ಟು ದೊಡ್ಡ ದೊಡ್ಡ ಎದೆಗಳ ನಡುವೆ ಅದೊಂದು ಮೊರದಷ್ಟು ಚಪ್ಪಟೆ. ವರ್ಷಕ್ಕೊಮ್ಮೆ ಗೂಟ ಎತ್ತರಿಸಿ, ಒಂದೊಂದು ಪದರ ಹತ್ತಿ ಸೇರಿಸುತ್ತ ಫರ್ನಾಂದ್ ಅದನ್ನು ಬೆಳೆಸಿದಳು. ಬೆಳಿಗ್ಗೆ ಬಂದವಳೇ ಅದರ ಧೂಳು ಕೊಡವಿ, ಚಳಿಯೇನೇ ಎಂದು ಕೇಳುತ್ತಿದ್ದಳು. ನಿಜವಾದ ಎದ್ವೀಜಳನ್ನು ಅವಳು ಕಂಡದ್ದು ಮೆಟ್ಟಿಲ ಕಿಟಕಿಯಿಂದ ಮಾತ್ರ, ಕಾರಿನಿಂದ ಇಳಿಯುವಾಗ, ಟೋಪಿಯ ಮೇಲ್ಭಾಗವನ್ನು. ಆದರೂ ಆ ಹುಡುಗಿ ಎಂದರೆ ಅವಳಿಗೆ ಪ್ರಾಣ. ಇಷ್ಟು ಓದಿದ್ದಕ್ಕೆ ದೇವರು ಒಂದು ನಿಜವಾದ ಹುಡುಗಿಯನ್ನೇ ಕೊಟ್ಟಿದ್ದಾನೆ ಎಂದುಕೊಂಡಿದ್ದಳು.

ಯುದ್ಧ ಮುಗಿದು ಹತ್ತು ವರ್ಷ ದಾಟಿತ್ತು. ದೊಡ್ಡ ಮನೆಗಳಲ್ಲಿ ಮತ್ತೆ ನೃತ್ಯಕೂಟಗಳು ಶುರುವಾಗಿದ್ದವು. ಎದ್ವೀಜಳಿಗೆ ಮೇ ತಿಂಗಳಲ್ಲಿ ಹದಿನೆಂಟು ತುಂಬುತ್ತದೆ, ಆಗ ಅವಳ ಮೊದಲ ನೃತ್ಯಕೂಟ, ಅದಕ್ಕೊಂದು ಗೌನ್ ಬೇಕು ಎಂದು ಮದಾಮ್ ದ ಮೊರ್ವಿಯೆ ಹಿಂದಿನ ಅಕ್ಟೋಬರಿನಲ್ಲೇ ಬಂದು ಅಪ್ಪಣೆ ಕೊಟ್ಟರು. ಅವರದೊಂದು ನಿಯಮವಿತ್ತು. ಮಗಳು ಬರುವುದು ಎರಡೇ ಸಲ. ಈಗೊಮ್ಮೆ ಅಳತೆಗೆ, ಗೌನ್ ಮುಗಿದ ಮೇಲೊಮ್ಮೆ ತೊಟ್ಟು ನೋಡುವುದಕ್ಕೆ. ಕನ್ನಡಿಯ ಮುಂದೆ ಹೆಚ್ಚು ನಿಂತರೆ ಹುಡುಗಿಯರ ತಲೆ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಅವರ ತಲೆ ಕನ್ನಡಿಯ ಮುಂದೆ ಎಷ್ಟು ಗಂಟೆ ನಿಂತಿರುತ್ತದೆ ಎಂದು ನಮ್ಮ ಹೊಲಿಗೆಮನೆಗೆ ಗೊತ್ತು. ಇರಲಿ. ಅಂದರೆ ಉಳಿದದ್ದೆಲ್ಲ ಗೊಂಬೆಯ ಮೇಲೇ ನಡೆಯಬೇಕು.

ಮದಾಮ್ ಜೆರ್ಮೇನ್ ಅಳತೆ ತಂದರು. ಫರ್ನಾಂದ್ ಅದನ್ನು ನೋಡಿ ತಲೆಯಾಡಿಸಿದಳು.

"ಇದು ಅಕ್ಟೋಬರಿನ ಅಳತೆ ಮದಾಮ್. ಗೌನ್ ಬೇಕಿರೋದು ಮೇ ತಿಂಗಳಿಗೆ. ಅಷ್ಟರಲ್ಲಿ ಹುಡುಗಿ ಎದೆ ತುಂಬಿಕೊಳ್ತಾಳೆ. ಹದಿನೇಳು ದಾಟಿ ಹದಿನೆಂಟರ ವಸಂತ ಅಂದ್ರೆ ಹಾಗೇ ಆಗೋದು."

"ಯಾರು ಹೇಳಿದ್ದು? ಡಾಕ್ಟ್ರಾ?"

"ಎಲ್ಲಾ ಪುಸ್ತಕದಲ್ಲೂ ಇದೆ."

ಮದಾಮ್ ಜೆರ್ಮೇನ್ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದರು. ಅವರು ಹೀಗೆ ಬಾಯಿ ಖಾಲಿ ಮಾಡಿಕೊಂಡರೆ ಬೈಗುಳ ಬರುತ್ತದೆ ಎಂದೇ ಅರ್ಥ. "ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲೀಬೇಡ. ಟೇಪು ಎಷ್ಟು ಹೇಳುತ್ತೋ ಅಷ್ಟು ತುಂಬು. ಬೆಳೆದ್ರೆ ಬೆಳೀಲಿ ಅಂತ ಹೊಲಿಗೆ ಒಳಗೆ ನಾನು ಬಟ್ಟೆ ಬಿಟ್ಟಿರ್ತೀನಿ. ಅದಕ್ಕಿಂತ ಹೆಚ್ಚಿಗೆ ದೇವರ ಕೆಲಸ ನಮಗೆ ಬೇಡ. ಗೊಂಬೆ ತಪ್ಪಿದ್ರೆ ಗೊಂಬೆ ನಿನ್ನ ಕೈಲಿರಲ್ಲ, ಹೇಳಿದ್ದೀನಿ."

ಫರ್ನಾಂದ್ ಆಗಲಿ ಎಂದಳು. ಆ ಚಳಿಗಾಲವಿಡೀ ಅವಳು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ವಾರಕ್ಕೊಂದು ಸಲ ಅಟ್ಟಕ್ಕೆ ಹೋಗುವಳು, ಗೊಂಬೆಯ ಎದೆಯ ಹೊಲಿಗೆ ಬಿಚ್ಚುವಳು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಪದರ ಹತ್ತಿ ಇಟ್ಟು ಮುಚ್ಚುವಳು. ಹುಡುಗಿ ಬೆಳೆಯುವ ವೇಗದಲ್ಲೇ ಗೊಂಬೆಯೂ ಬೆಳೆಯಬೇಕಂತೆ. ನಾನು ಗೇಲಿ ಮಾಡಿದೆ. ಲೆಫ್ಟಿನೆಂಟಿಗೂ ಒಂದು ಗೊಂಬೆ ಮಾಡಿಬಿಡು, ಪಕ್ಕದಲ್ಲಿ ನಿಲ್ಲಿಸೋಣ ಎಂದೆ. ಅವಳು ನಗಲಿಲ್ಲ. ತುಂಬಿದ ಗೊಂಬೆಯನ್ನು ಮತ್ತೆ ಟೇಪು ಹಿಡಿದು ಅಳೆಯುವವರು ನಮ್ಮಲ್ಲಿ ಯಾರೂ ಇಲ್ಲ. ಗುಡಿಯ ದೇವರನ್ನು ತಕ್ಕಡಿಗೆ ಹಾಕುವುದುಂಟೇ? ಫರ್ನಾಂದ್ ತುಂಬಿದ್ದು ಎಂದರೆ ಮುಗಿಯಿತು.

ಹಾಗೆ ಕೆನೆಬಣ್ಣದ ಸ್ಯಾಟಿನ್ನಿನ ಗೌನ್ ಸಿದ್ಧವಾಯಿತು. ನಾನೇ ಅದರ ಅಂಚು ಹೊಲಿದವಳು, ಹೇಳಿಕೊಳ್ಳುತ್ತೇನೆ, ಅಂಥ ಬಟ್ಟೆ ನನ್ನ ಕೈಯಲ್ಲಿ ಮತ್ತೆ ಹಾದುಹೋಗಿಲ್ಲ. ಗೊಂಬೆಯ ಮೇಲೆ ನಿಲ್ಲಿಸಿದಾಗ ಇಡೀ ಹೊಲಿಗೆಮನೆ ಸೂಜಿ ಕೆಳಗಿಟ್ಟು ನೋಡಿತು. ಫರ್ನಾಂದಳ ಕಣ್ಣಲ್ಲಿ ನೀರು ಬಂತು. ಐದನೇ ಅಧ್ಯಾಯ ಬಂತು ನೋಡು ಎಂದಳು.

ಏಪ್ರಿಲ್ ಕೊನೆಗೆ ತಾಯಿ ಮಗಳು ಬಂದರು. ಗೌನನ್ನು ತೋಳಿನ ಮೇಲೆ ಮಗುವಿನಂತೆ ಹೊತ್ತು ನಾನು ಮದಾಮ್ ಜೆರ್ಮೇನರ ಹಿಂದೆ ಕೆಳಗೆ ಗಿರಾಕಿಗಳ ಕೋಣೆಗೆ ಇಳಿದೆ. ಎದ್ವೀಜ್ ಉದ್ದನೆಯ ಬಿಳಿ ಕೈಗವಸು ಹಾಕಿಕೊಂಡು ನಿಂತಿದ್ದಳು. ಬಟ್ಟೆ ಬದಲಿಸುವಾಗಲೂ ಅದನ್ನು ಬಿಚ್ಚಲಿಲ್ಲ. ಚಳಿ ಎಂದಳು. ಒಳಗೆ ಒಲೆ ಉರಿಯುತ್ತಿತ್ತು.

ತೊಡಿಸಿದೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎದೆಯ ಮೇಲೆ ಸ್ಯಾಟಿನ್ ಖಾಲಿ ಚೀಲದಂತೆ ಮಡಿಚಿ ಬಿತ್ತು. ಅಲ್ಲಿ ಹುಡುಗಿ ಅಕ್ಟೋಬರಿನಲ್ಲಿ ಹೇಗಿದ್ದಳೋ ಹಾಗೇ ಇದ್ದಳು. ಬೆನ್ನಿನ ಕಡೆ ಗುಂಡಿಗಳೇ ಸೇರಲಿಲ್ಲ. ಎಳೆದರೆ ಹೊಲಿಗೆ ಕಿರುಗುಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮುಂದೆ ಸಡಿಲ, ಹಿಂದೆ ಬಿಗಿ, ನಡುವೆ ನಮ್ಮ ಯಜಮಾನರ ನಾಲ್ಕು ಗೆರೆ ಎಲ್ಲಿ ಹೋದವೋ. ನಾನು ಅವಳ ಬೆನ್ನು ನೋಡಿದೆ. ನಮ್ಮ ಗಿರಾಕಿಗಳಲ್ಲಿ ಅಂಥ ಬೆನ್ನು ಯಾರಿಗೂ ಇಲ್ಲ. ಕುತ್ತಿಗೆಯಿಂದ ಎರಡೂ ಕಡೆಗೆ ಗಟ್ಟಿಯಾಗಿ ಇಳಿದು, ಭುಜದ ಕೆಳಗೆ ದುಂಡಗೆ ಉಬ್ಬಿ, ಉಸಿರಾಡಿದಾಗೆಲ್ಲ ಕದಲುತ್ತಿತ್ತು.

ಮದಾಮ್ ದ ಮೊರ್ವಿಯೆ ಕೂಗಾಡಲಿಲ್ಲ. ದೊಡ್ಡ ಮನೆಯವರು ಸಿಟ್ಟಾದರೆ ದನಿ ತಗ್ಗುತ್ತದೆ. ಗೊಂಬೆ ತುಂಬಿದವಳನ್ನು ಕರೆಸಿ ಎಂದರು.

ಫರ್ನಾಂದ್ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಆರು ವರ್ಷದಿಂದ ಬೆಳೆಸಿದ ಹುಡುಗಿಯ ಮುಖ ನೋಡಿದ್ದೂ ಅದೇ ಮೊದಲು. ಬಾಗಿಲಲ್ಲೇ ನಿಂತು ಅವಳನ್ನು ನೋಡಿದಳು, ಎದೆ ನೋಡಿದಳು, ಮುಖ ಬಿಳುಚಿಕೊಂಡಿತು. ಆಮೇಲೆ ಬೆನ್ನು ನೋಡಿದಳು. ಏನೂ ಅರ್ಥವಾಗದವಳಂತೆ ಹತ್ತಿರ ಹೋಗಿ, ಹೊಲಿಗೆ ಎಲ್ಲಿ ಎಳೆಯುತ್ತಿದೆ ಎಂದು ತಿಳಿಯಲು ಹುಡುಗಿಯ ತೋಳನ್ನು ಎತ್ತಿದಳು. ಕೈಗವಸು ಅಡ್ಡ ಬಂತು. ಬಿಚ್ಚಿದಳು.

ಅಂಗೈ ತುಂಬ ಜಡ್ಡುಗಟ್ಟಿತ್ತು. ಬೆರಳ ಬುಡದಲ್ಲಿ ಸಾಲಾಗಿ ಹಳದಿಯ ಗಂಟುಗಳು, ಒಂದೆರಡು ಹೊಸದಾಗಿ ಒಡೆದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ದೋಣಿಯವನ ಮಗಳಿಗೆ ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ. ಆದರೂ ಹುಡುಗಿ ಹೇಳಿದಳು. ತಾಯಿ ಆ ಕಡೆ ತಿರುಗಿ ಮದಾಮ್ ಜೆರ್ಮೇನರನ್ನು ವಿಚಾರಿಸಿಕೊಳ್ಳುತ್ತಿದ್ದಾಗ, ತುಟಿ ಅಲ್ಲಾಡಿಸದೆ ಹೇಳಿದಳು. ಸೂಜಿಮೆತ್ತೆ ಹಿಡಿದು ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ಭಾನುವಾರ ಭಾನುವಾರ ದೋಣಿಗೆ ಹುಟ್ಟು ಹಾಕ್ತೀನಿ, ಮಾರ್ನ್ ನದೀಲಿ. ಅಜ್ಜಿ ಮನೆಗೆ ಅಂತ ಹೇಳಿ ಹೋಗೋದು. ಅಜ್ಜಿ ಊಟ ಆದ್ಮೇಲೆ ಮಲಗ್ತಾರೆ. ಅಮ್ಮಂಗೆ ಗೊತ್ತಾದ್ರೆ ನಿಲ್ಲಿಸಿಬಿಡ್ತಾರೆ. ದಯವಿಟ್ಟು."

ಆ ಕಡೆ ಮದಾಮ್ ಜೆರ್ಮೇನ್ ಪೇಚಿಗೆ ಸಿಕ್ಕಿದ್ದರು. ಅಕ್ಟೋಬರಿನಲ್ಲಿ ಭುಜದ ಅಳತೆ ತಾವೇ ತೆಗೆದದ್ದು, ಟೇಪು ತಪ್ಪಿಲ್ಲ ಎನ್ನುತ್ತಿದ್ದರು. ಹಾಗಾದರೆ ನನ್ನ ಮಗಳ ಬೆನ್ನಿಗೆ ಏನಾಗಿದೆ ಎಂದು ತಾಯಿ ಕೇಳಿದರು. ಆ ಪ್ರಶ್ನೆ ಅಲ್ಲಿಗೇ ಬಂದು ನಿಂತಿತು. ಗೊಂಬೆ ಸರಿಯಾಗಿದ್ದರೆ ಹುಡುಗಿ ಬದಲಾಗಿದ್ದಾಳೆ, ಏಕೆ ಎಂದು ಕೇಳಬೇಕು, ಕೇಳಿದರೆ ನದಿಯ ದಾರಿ ಸಿಗುತ್ತದೆ. ಹುಡುಗಿ ಬದಲಾಗಿಲ್ಲ ಎಂದರೆ ಗೊಂಬೆ ತಪ್ಪು. ಎದೆಯ ವಿಷಯದಲ್ಲಿ ಫರ್ನಾಂದ್ ಹೇಗೂ ಸಿಕ್ಕಿಬಿದ್ದಿದ್ದಳು. ಅದಕ್ಕೆ ಬೈಗುಳ ತಿಂದು, ಕ್ಷಮೆ ಕೇಳಿ, ಹೇಗೋ ಪಾರಾಗಬಹುದಿತ್ತು. ಎಂಥ ಹೊಲಿಗೆಯವಳಿಗೂ ಎದೆ ಒಂದು ಬೆರಳು ಆಚೀಚೆ ಆಗುತ್ತದೆ. ಭುಜ ಹಾಗಲ್ಲ. ಭುಜ ಮೂಳೆ. ಭುಜ ತಪ್ಪಿದವಳಿಗೆ ಗೊಂಬೆ ಮುಟ್ಟುವ ಯೋಗ್ಯತೆ ಇಲ್ಲ ಎಂದು ನಮ್ಮಲ್ಲಿ ಗುಂಡುಸೂಜಿ ಹೆಕ್ಕುವವಳಿಗೂ ಗೊತ್ತು.

ಫರ್ನಾಂದ್ ಕೈಗವಸನ್ನು ಮತ್ತೆ ಹುಡುಗಿಯ ಕೈಗೆ ತೊಡಿಸಿದಳು. ನಿಧಾನವಾಗಿ, ಒಂದೊಂದೇ ಬೆರಳು ಕೂರಿಸಿ, ಮಣಿಕಟ್ಟಿನ ಗುಂಡಿ ಹಾಕಿದಳು. ಆಮೇಲೆ ತಿರುಗಿದಳು.

"ಗೊಂಬೆ ತಪ್ಪು, ಮದಾಮ್. ತುಂಬಿದ್ದು ನಾನು. ಮುಂದೆ ಹೆಚ್ಚಿಗೆ ಹಾಕಿದೆ, ಭುಜಕ್ಕೆ ಕಡಿಮೆ ಹಾಕಿದೆ. ನಿಮ್ಮ ಮಗಳು ಹೇಗಿದ್ರೋ ಹಾಗೇ ಇದ್ದಾರೆ."

"ಭುಜಕ್ಕೆ?" ಎಂದರು ಮದಾಮ್ ಜೆರ್ಮೇನ್.

"ಭುಜಕ್ಕೆ," ಎಂದಳು ಫರ್ನಾಂದ್, ಅವರ ಕಣ್ಣನ್ನೇ ನೋಡುತ್ತ.

ನನಗೆ ಸಿಟ್ಟು ಬಂತು, ಹೆಮ್ಮೆಯೂ ಆಯಿತು. ಗುಂಡುಸೂಜಿ ಹೆಬ್ಬೆರಳಿಗೆ ಚುಚ್ಚಿಕೊಂಡದ್ದೂ ಗೊತ್ತಾಗಲಿಲ್ಲ. ಮದಾಮ್ ಜೆರ್ಮೇನರ ಟೇಪು ಅವರ ಕುತ್ತಿಗೆಯಲ್ಲೇ ಇತ್ತು. ಅದನ್ನು ತೆಗೆದು ಹಿಡಿದಿದ್ದರೆ ಅರೆನಿಮಿಷದಲ್ಲಿ ಸತ್ಯ ಹೊರಬೀಳುತ್ತಿತ್ತು. ಅವರು ಮುಟ್ಟಲಿಲ್ಲ. ಗಿರಾಕಿಯ ಮೈ ಬದಲಾದದ್ದನ್ನು ಗಿರಾಕಿಗೆ ಹೇಳದೆ ಇಷ್ಟು ವರ್ಷ ಅನ್ನ ತಿಂದವರು ಅವರು. ನಮ್ಮದೇ ತಪ್ಪು, ಸರಿಮಾಡಿಕೊಡುತ್ತೇವೆ ಎಂದು ತಲೆ ಬಾಗಿಸಿದರು. ಇನ್ನು ಮೇಲೆ ತಮ್ಮ ಮನೆಯ ಗೊಂಬೆಗಳನ್ನು ಕೆಲಸ ಬಲ್ಲವರು ಮುಟ್ಟಲಿ ಎಂದು ಮದಾಮ್ ದ ಮೊರ್ವಿಯೆ ಹೇಳಿ, ಕುರ್ಚಿಯಲ್ಲಿ ಕೂತರು. ಮಗಳ ಬೆನ್ನಿನ ಮಾತು ಅಲ್ಲಿಗೆ ಮುಗಿಯಿತು.

ನಾವು ಮೂವರೂ ಕಬ್ಬಿಣದ ಮೆಟ್ಟಿಲು ಹತ್ತಿದೆವು. ನಾಲ್ಕನೇ ಮಹಡಿಯಲ್ಲಿ ಮದಾಮ್ ಜೆರ್ಮೇನ್ ಉಸಿರಿಗಾಗಿ ನಿಂತರು. "ನೀನು ಭುಜ ತಪ್ಪೋದಿಲ್ಲ ಅಂತ ನನಗೆ ಗೊತ್ತು. ಯಾಕೆ ಹಾಗಂದೆ ಅಂತ ಕೇಳೋದಿಲ್ಲ. ಆದ್ರೆ ಎದೆ ನಿನ್ನದೇ ತಪ್ಪು, ಕತ್ತೆ. ನಾಳೆಯಿಂದ ಗೊಂಬೆ ಪೋಲೆಟ್ ನೋಡ್ಕೋತಾಳೆ. ನೀನು ಕಾಜಾ ಹೊಲಿ."

ಹೀಗೆ ನನಗೆ ಬಡ್ತಿ ಬಂತು. ಅಂಥ ಬಡ್ತಿ ಶತ್ರುವಿಗೂ ಬೇಡ. ನಾನು ಗೊಂಬೆಯ ಎದೆಯ ಹತ್ತಿ ಕಿತ್ತು ಬೆನ್ನಿಗೆ ತುಂಬುತ್ತಿದ್ದರೆ, ಅವಳು ಎದುರು ಮೇಜಿನಲ್ಲಿ ಗುಂಡಿಯ ಕಾಜಾ ಹೊಲಿಯುತ್ತ, ತಲೆ ಎತ್ತದೆ, ಗಲ್ಲದಲ್ಲೇ ಇನ್ನೂ ಎಡಕ್ಕೆ, ಇನ್ನೂ ಮೇಲಕ್ಕೆ ಎಂದು ತೋರಿಸುತ್ತಿದ್ದಳು. ಒಂದು ಸಲ ಮಾತ್ರ ಮಾತಾಡಿದಳು. "ನಾನು ಓದಿದ ಒಂದು ಪುಸ್ತಕದಲ್ಲೂ ಹುಡುಗಿಗೆ ಬೆನ್ನು ಬೆಳೆದಿರಲಿಲ್ಲ ಕಣೇ. ಎಲ್ಲರೂ ಮುಂದುಗಡೆಯಿಂದಲೇ ದೊಡ್ಡವರಾಗ್ತಿದ್ರು."

ಗೌನಿನ ಹಿಂಭಾಗಕ್ಕೆ ಒಳಗೆ ಬಿಟ್ಟ ಬಟ್ಟೆಯೆಲ್ಲ ಬಿಚ್ಚಿದರೂ ಸಾಲಲಿಲ್ಲ. ಮದಾಮ್ ಜೆರ್ಮೇನ್ ಬೆನ್ನನ್ನು ತೆರೆದೇ ಬಿಟ್ಟು, ಭುಜದಿಂದ ನೆಲದವರೆಗೆ ತೆಳುವಾದ ಜಾಲರಿ ಬಟ್ಟೆ ಇಳಿಬಿಟ್ಟು ಮುಚ್ಚಿದರು. ಯಜಮಾನರು ಬಂದು ನೋಡಿ, ಇದು ತಮ್ಮದೇ ಯೋಚನೆ ಎಂದು ತಕ್ಷಣ ಗುರುತಿಸಿದರು. ಮುಂದಿನ ಋತುವಿನಲ್ಲಿ ಪ್ಯಾರಿಸಿನ ಎಷ್ಟೋ ಬಡಕಲು ಬೆನ್ನುಗಳ ಮೇಲೆ ಅಂಥ ಜಾಲರಿ ಇಳಿಬಿದ್ದದ್ದನ್ನು ನಾನೇ ಹೊಲಿದೆ. ಭುಜದ ಹೊಸ ಕಾವ್ಯ ಎಂದು ಪತ್ರಿಕೆಗಳು ಬರೆದವು. ಫ್ಯಾಷನ್ ಹುಟ್ಟುವುದು ಹೀಗೆ. ಯಾರೋ ದೋಣಿಗೆ ಹುಟ್ಟು ಹಾಕುತ್ತಾರೆ, ಊರಿಗೆಲ್ಲ ಜಾಲರಿ ಬರುತ್ತದೆ.

ನೃತ್ಯಕೂಟ ಮುಗಿದ ಮೇಲಿನ ಒಂದು ಭಾನುವಾರ ನಾನೇ ಫರ್ನಾಂದಳನ್ನು ಹೊರಡಿಸಿದೆ. ಅವಳು ಮನೆಯಲ್ಲೇ ಕೂತು ಮುಖ ಬಾಡಿಸಿಕೊಂಡಿದ್ದಳು. ಪುಸ್ತಕವನ್ನೂ ಹಿಡಿಯುತ್ತಿರಲಿಲ್ಲ. ರೈಲಿನಲ್ಲಿ ನೊಝಾಂಗೆ ಹೋಗಿ ಮಾರ್ನ್ ದಂಡೆಯ ಒಂದು ಹೋಟೆಲಿನ ಹೊರಗೆ ಕೂತೆವು. ಕರಿದ ಸಣ್ಣಮೀನು, ಬಿಳಿ ದ್ರಾಕ್ಷಾರಸ, ಅಕಾರ್ಡಿಯನ್ ನುಡಿಸುವ ಒಬ್ಬ ಬೋಳುತಲೆಯವನು. ಮೀನಿಗೆ ಉಪ್ಪು ಸಾಲದು ಎಂದು ಫರ್ನಾಂದ್ ತಕರಾರು ತೆಗೆದಾಗ ನನಗೆ ಸ್ವಲ್ಪ ಧೈರ್ಯ ಬಂತು. ಏಕೆ ಬಂದಿದ್ದೇವೆ ಎಂದು ಇಬ್ಬರೂ ಬಾಯಿ ಬಿಡಲಿಲ್ಲ.

ಊಟವಾಗಿ ಅಜ್ಜಿಯರು ಮಲಗುವ ಹೊತ್ತಿಗೆ ದೋಣಿಗಳು ಬಂದವು. ಉದ್ದನೆಯವು, ಕಡ್ಡಿಯಂತೆ ಸಪೂರ. ಹುಟ್ಟು ಹಾಕುವವರು ತಾವು ಹೋಗುವ ಕಡೆಗೆ ಬೆನ್ನು ಮಾಡಿ ಕೂತಿರುತ್ತಾರಲ್ಲ, ಹಾಗಾಗಿ ನಮಗೆ ಮೊದಲು ಕಂಡದ್ದು ಬೆನ್ನು. ಫರ್ನಾಂದ್ ಎದ್ದು ನಿಂತಳು. ತೋಳಿಲ್ಲದ ನೀಲಿ ಬನಿಯನ್ನು, ಭುಜದ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಆ ಬೆನ್ನು ಬಾಗಿ, ಚಾಚಿ, ಮತ್ತೆ ಬಾಗಿ, ಒಂದೇ ಸಮನೆ ನಮ್ಮ ಕಡೆಗೆ ಬಂತು. ಸ್ಯಾಟಿನ್ನಿನಲ್ಲಿ ಬೆವರಿ ಮುದುಡಿ ನಿಂತಿದ್ದ ಹುಡುಗಿ ಇವಳೇ ಎಂದು ಯಾರು ಹೇಳಬೇಕು? ನಾನು ಹೊಲಿದ ಅಂಚುಗಳೆಲ್ಲ ಸೇರಿಯೂ ಅವಳನ್ನು ಅಷ್ಟು ಚಂದ ಕಾಣಿಸಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟ, ಆದರೆ ನಿಜ.

ದೋಣಿ ನಮ್ಮೆದುರಿಗೆ ಬಂತು, ದಾಟಿತು. ದಾಟಿದ ಮೇಲೇ ಅವಳ ಮುಖ ನಮ್ಮ ಕಡೆಗಾದದ್ದು, ಆಗಲೇ ಅವಳಿಗೆ ನಾವು ಕಂಡದ್ದು. ಕಣ್ಣು ಅರಳಿದವು. ಎರಡೂ ಕೈಯಲ್ಲಿ ಹುಟ್ಟು, ಕೈ ಬೀಸುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ. ಹಲ್ಲು ಬಿಟ್ಟು ನಕ್ಕಳು. ನಗುತ್ತಲೇ ಹುಟ್ಟು ಎಳೆದಳು. ಎಳೆದ ಹಾಗೆಲ್ಲ ನಮ್ಮನ್ನೇ ನೋಡುತ್ತ ನಮ್ಮಿಂದ ದೂರವಾದಳು.

ಫರ್ನಾಂದ್ ಅಳುತ್ತಿದ್ದಳು. ಗೊಂಬೆ ಹೋಯಿತೆಂದು ಹೊಲಿಗೆಮನೆಯಲ್ಲಿ ಒಂದು ಹನಿ ಹಾಕದವಳು ಇಲ್ಲಿ ಎಲ್ಲರೆದುರು ಮೂಗು ಸೊರಗುಟ್ಟಿಸಿ ಅತ್ತಳು. ನಾನು ಅವಳ ಭುಜದ ಮೇಲೆ ಕೈ ಹಾಕಿದೆ. ಗೊಂಬೆಗಳನ್ನು ನಿನಗೇ ವಾಪಸು ಕೊಡಲಿ ಅಂತ ಮದಾಮ್ ಜೆರ್ಮೇನರನ್ನು ಕೇಳುತ್ತೇನೆ ಎಂದೆ.

"ಕೇಳು, ಬೇಡ ಅನ್ನಲ್ಲ," ಎಂದಳು. ಕಣ್ಣು ನದಿಯ ತಿರುವಿನಲ್ಲೇ ಇತ್ತು. "ನಿಲ್ಲಿಸ್ಲಿಲ್ಲ ನೋಡಿದ್ಯಾ ಪೋಲೆಟ್? ನಮ್ಮನ್ನ ನೋಡಿಯೂ ನಿಲ್ಲಿಸ್ಲಿಲ್ಲ."

ಅಷ್ಟು ಸಂತೋಷದ ದನಿಯನ್ನು ನಾನು ಅವಳ ಬಾಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ.